ವಹಿಯಾಗ ಬರೆದ ಕೋಡ್

ಪ್ರೋಗ್ರಾಮಿಂಗ್ ಪಾಠ ಈಗ ಎಲ್ಲೆಲ್ಲೂ ಪುಕ್ಕಟೆ ಸಿಗುತ್ತದೆ. ಆದರೂ ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಯ ಹುಡುಗ-ಹುಡುಗಿಯರಿಗೆ ಅದು ದಕ್ಕುವುದು ಯಾಕಿಷ್ಟು ಕಷ್ಟ?

ಆಗಸ್ಟ್ ತಿಂಗಳ ಒಂದು ಭಾನುವಾರ ಸಂಜೆ ವಾಟ್ಸ್‌ಆ್ಯಪ್‌ಗೆ ಒಂದು ಫೋಟೊ ಬಂತು. ಉದ್ದ ನೋಟ್‌ಬುಕ್ಕಿನ ಒಂದು ಹಾಳೆ. ಮಾರ್ಜಿನ್ ಗೆರೆಯ ಪಕ್ಕ ನೀಲಿ ಬಾಲ್‌ಪೆನ್ನಿನಲ್ಲಿ ಹದಿನಾಲ್ಕು ಸಾಲು ಪೈಥಾನ್ ಕೋಡ್. ಎಲ್ಲೆಲ್ಲಿ ನಾಲ್ಕು ಸ್ಪೇಸ್ ಬಿಡಬೇಕೋ ಅಲ್ಲೆಲ್ಲ ಲೆಕ್ಕ ಮಾಡಿ ನಾಲ್ಕು ಚುಕ್ಕಿ ಇಟ್ಟಿದ್ದಳು. ಹಿಂದೆಯೇ ವಾಯ್ಸ್ ಮೆಸೇಜ್: "ಅಕ್ಕಾರ, ಬರೆದೀನ್ರಿ. ಫೋನ್ ಇಷ್ಟೊತ್ತನಾ ಅಣ್ಣನ ಹತ್ರ ಇತ್ರಿ, ಅದಕ್ಕ ವಹಿಯಾಗ ಬರೆದೆ. ತಪ್ಪಿದ್ರ ಹೇಳ್ರಿ."

ನಮ್ಮ ಕಡೆ ನೋಟ್‌ಬುಕ್ಕಿಗೆ ವಹಿ ಅಂತೀವಿ. ನಾನು ಕುಂದಗೋಳ ಕಡೆಯವಳು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಭಾನುವಾರ ಸಂಜೆ ಒಂದೂವರೆ ತಾಸು ಊರ ಕಡೆಯ ಐದಾರು ಜನರಿಗೆ ಫೋನಿನಲ್ಲೇ ಪೈಥಾನ್ ಹೇಳಿಕೊಡುತ್ತೇನೆ. ಫೋಟೊ ಕಳಿಸಿದ ಹುಡುಗಿ ನವಲಗುಂದ ತಾಲ್ಲೂಕಿನ ಒಂದು ಹಳ್ಳಿಯವಳು. ಬಿ.ಕಾಂ. ಮುಗಿದಿದೆ. ಅವತ್ತು ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಹೊಲದಲ್ಲಿ ಹೆಸರು ಬಿಡಿಸಿ ಬಂದಿದ್ದಳು.

ಕೋಡಿನಲ್ಲಿ ಒಂದೇ ಒಂದು ತಪ್ಪಿತ್ತು. ಅಂಥ ತಪ್ಪು ನಾನೂ ವಾರಕ್ಕೊಮ್ಮೆ ಮಾಡುತ್ತೇನೆ.

ಅವತ್ತಿನಿಂದ ಒಂದು ಪ್ರಶ್ನೆ ತಲೆಯಲ್ಲೇ ಉಳಿದಿದೆ. ಇಷ್ಟು ಚೆನ್ನಾಗಿ ಬರೆಯುವವಳಿಗೆ ಏನು ಕಡಿಮೆ? ಬುದ್ಧಿಯಂತೂ ಅಲ್ಲ. ಪಾಠವೂ ಅಲ್ಲ.

ಪಾಠ ಸಾಕಷ್ಟಿದೆ

ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆ ಲಿನಕ್ಸ್, ಸಿ ಭಾಷೆ ಮುಂತಾದವನ್ನು ಹತ್ತು ಹತ್ತು ನಿಮಿಷದ ಪುಟ್ಟ ವಿಡಿಯೊಗಳಲ್ಲಿ ಕಲಿಸುತ್ತದೆ. ಅವುಗಳಲ್ಲಿ ಹಲವು ಕನ್ನಡ ಧ್ವನಿಯಲ್ಲೂ ಇವೆ, ಇಂಟರ್ನೆಟ್ ಇಲ್ಲದೆಯೂ ನೋಡಬಹುದು. ಐಐಟಿ ಪ್ರಾಧ್ಯಾಪಕರ ಎನ್‌ಪಿಟೆಲ್ ತರಗತಿಗಳು ಯಾರು ಬೇಕಾದರೂ ನೋಡಲು ತೆರೆದಿವೆ. 2014ರಲ್ಲಿ ಕ್ವಿನ್ಸಿ ಲಾರ್ಸನ್ ಶುರು ಮಾಡಿದ ಫ್ರೀಕೋಡ್‌ಕ್ಯಾಂಪ್‌ನಲ್ಲಿ ವೆಬ್ ಡೆವಲಪ್‌ಮೆಂಟ್ ಪೂರ್ತಿ ಕಲಿಯಬಹುದು, ಒಂದು ರೂಪಾಯಿ ಕೊಡದೆ. ಇನ್ಫೋಸಿಸ್‌ನ ಸ್ಪ್ರಿಂಗ್‌ಬೋರ್ಡ್ ಕೂಡ ಉಚಿತ.

ಇನ್ನು ದೊಡ್ಡ ಸಂಸ್ಥೆಗಳ ಮಾತು. ನಮ್ಮ ಜಿಲ್ಲೆಗೆ 2015ರಲ್ಲಿ ಐಐಐಟಿ ಬಂತು, 2016ರಲ್ಲಿ ಐಐಟಿ ಬಂತು. ಐಐಟಿಯ ಸ್ವಂತ ಕ್ಯಾಂಪಸ್ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಹುಬ್ಬಳ್ಳಿಯಲ್ಲೇ ಇನ್ಫೋಸಿಸ್ ಕ್ಯಾಂಪಸ್ಸೂ ಇದೆ. ಕುಂದಗೋಳದಿಂದ ಹುಬ್ಬಳ್ಳಿಗೆ ಇಪ್ಪತ್ತು ಕಿಲೋಮೀಟರಿನ ಆಸುಪಾಸು. ನವಲಗುಂದ, ಅಣ್ಣಿಗೇರಿ, ಕಲಘಟಗಿ ಯಾವುದೂ ನಲವತ್ತು ಕಿಲೋಮೀಟರ್ ದಾಟುವುದಿಲ್ಲ.

ಬಸ್ಸಿನಲ್ಲಿ ಒಂದು ತಾಸು. ಆದರೆ ಎರಿ ಹೊಲದ ಮನೆಯಿಂದ ಆ ಗೇಟಿನೊಳಗೆ ಹೋಗಲು ಮೂರು ತಲೆಮಾರು ಬೇಕಾಗಬಹುದು. ನಡುವೆ ಇರುವ ಅಡ್ಡಿಗಳನ್ನು ಒಂದೊಂದಾಗಿ ನೋಡೋಣ.

ಒಂದು ಫೋನು, ನಾಲ್ಕು ಮಂದಿ

ಮೊದಲನೆಯದು ಯಂತ್ರ. ನನ್ನ ಆರು ಜನರಲ್ಲಿ ಲ್ಯಾಪ್‌ಟಾಪ್ ಇರುವುದು ಒಬ್ಬನಿಗೆ, ಅದೂ ಚಾರ್ಜರ್ ತೆಗೆದರೆ ಆರಿಹೋಗುವಂಥದ್ದು. ಉಳಿದವರು ಫೋನಿನಲ್ಲಿ ಪೈಡ್ರಾಯ್ಡ್ ಆ್ಯಪ್ ಹಾಕಿಕೊಂಡು ಬರೆಯುತ್ತಾರೆ.

ಐದು ಇಂಚಿನ ಪರದೆಯಲ್ಲಿ ಕೋಡ್ ಬರೆದು ನೋಡಿ, ಕಷ್ಟ ಗೊತ್ತಾಗುತ್ತದೆ. ಕೀಬೋರ್ಡ್ ತೆರೆದರೆ ಅರ್ಧ ಪರದೆ ಹೋಯಿತು. ಕಾಣುವುದು ನಾಲ್ಕೈದು ಸಾಲು. ಬ್ರಾಕೆಟ್ ಬೇಕೆಂದರೆ ಎರಡು ಸಲ ಕೀ ಬದಲಿಸಬೇಕು. ನೋಟ್ಸ್ ಆ್ಯಪ್‌ನಲ್ಲಿ ಬರೆದಿಟ್ಟುಕೊಂಡರೆ ಇನ್ನೊಂದು ತಲೆನೋವು. ಸಾಲಿನ ಮೊದಲ ಅಕ್ಷರವನ್ನು ಫೋನು ತಾನಾಗಿಯೇ ಕ್ಯಾಪಿಟಲ್ ಮಾಡುತ್ತದೆ. ದೊಡ್ಡ 'ಪಿ' ಇರುವ ಪ್ರಿಂಟ್ ಪೈಥಾನ್‌ಗೆ ಗುರುತೇ ಸಿಗುವುದಿಲ್ಲ, ಕೂಡಲೇ ಎರರ್. ಮೊದಲ ವಾರ ಮೂವರು ಇದೇ ತಪ್ಪಿಗೆ "ನಮಗ ಇದು ಹತ್ತೂದಿಲ್ರಿ" ಅಂತ ಕೈಬಿಡಲು ಹೊರಟಿದ್ದರು. ತಪ್ಪು ಅವರದ್ದಾಗಿರಲಿಲ್ಲ, ಕೀಬೋರ್ಡಿನದ್ದು. ಸೆಟ್ಟಿಂಗ್ಸ್‌ನಲ್ಲಿ ಒಂದು ಬಟನ್ ಆಫ್ ಮಾಡಿಸಿದೆ, ಸಮಸ್ಯೆ ಮುಗಿಯಿತು.

ಆದರೆ ಆ ಬಟನ್ ಬಗ್ಗೆ ಯಾವ ವಿಡಿಯೊದಲ್ಲೂ ಹೇಳುವುದಿಲ್ಲ. ವಿಡಿಯೊ ಮಾಡುವವರ ಮುಂದೆ ಎರಡು ಮಾನಿಟರ್ ಇರುತ್ತವೆ.

ಫೋನು ಒಬ್ಬರದ್ದಲ್ಲ ಅನ್ನೋದು ಇನ್ನೂ ದೊಡ್ಡ ಸಂಗತಿ. ಅಣ್ಣ ಟ್ರ್ಯಾಕ್ಟರ್ ತೊಗೊಂಡು ಹೊರಗೆ ಹೋದರೆ ಫೋನು ಅವನ ಜೊತೆ. ತಂಗಿಯ ಪಾಠ ಅವನು ಬಂದ ಮೇಲೆ. ಹುಡುಗಿ ರಾತ್ರಿ ಒಂಬತ್ತರ ಮೇಲೆ ಫೋನ್ ಹಿಡಿದು ಕೂತರೆ "ಯಾರ ಕೂಡ ಮಾತಾಡಾಕತ್ತೀ?" ಎಂಬ ಪ್ರಶ್ನೆ ಬರುತ್ತದೆ. ಅದಕ್ಕೇ ಅವಳು ವಹಿಯಲ್ಲಿ ಬರೆಯುವುದು. ವಹಿ ಹಿಡಿದವಳನ್ನು ಯಾರೂ ಹಾಗೆ ಕೇಳುವುದಿಲ್ಲ.

35 ಶಬ್ದಗಳ ಇಂಗ್ಲಿಷ್

ಎರಡನೆಯದು ಭಾಷೆ. "ಇಂಗ್ಲಿಷ್ ಬರೂದಿಲ್ರಿ, ಕೋಡಿಂಗ್ ಹೆಂಗ ಬರ್ತದ?" ಎಲ್ಲರ ಮೊದಲ ಪ್ರಶ್ನೆ ಇದೇ.

ಆಗ ನಾನು ಒಂದು ಲೆಕ್ಕ ಹೇಳುತ್ತೇನೆ. ಪೈಥಾನ್ ಭಾಷೆಯ ಮೂಲ ಶಬ್ದಗಳು ಬರೀ 35. ಇಫ್, ಎಲ್ಸ್, ಫಾರ್, ವೈಲ್, ರಿಟರ್ನ್ ಅಂಥವು. ಮೂವತ್ತೈದು ಶಬ್ದ ಕಲಿಯಲು ಎಷ್ಟು ದಿನ ಬೇಕು? ಅದಕ್ಕಿಂತ ಹೆಚ್ಚು ಶಬ್ದ ಕ್ರಿಕೆಟ್ ನೋಡಿಯೇ ಬಂದಿರುತ್ತವೆ. ಇನ್ನು ಪೈಥಾನ್ 3ರಲ್ಲಿ ವೇರಿಯಬಲ್‌ಗಳಿಗೆ ಕನ್ನಡದಲ್ಲೇ ಹೆಸರಿಡಬಹುದು. 'ತೂಕ', 'ದರ', 'ಹಮಾಲಿ' ಅಂತ ಕನ್ನಡ ಅಕ್ಷರದಲ್ಲೇ ಬರೆದು ತೂಕವನ್ನು ದರದಿಂದ ಗುಣಿಸಿ ಹಮಾಲಿ ಕಳೆದರೆ ಪ್ರೋಗ್ರಾಂ ಚೆನ್ನಾಗಿ ಓಡುತ್ತದೆ. ಕೆಲಸಕ್ಕೆ ಸೇರಿದ ಮೇಲೆ ಹೀಗೆ ಬರೆಯಲು ಬಿಡುವುದಿಲ್ಲ, ನಿಜ. ಆದರೆ ಮೊದಲ ತಿಂಗಳ ಅಂಜಿಕೆ ಹೋಗಲು ಇಷ್ಟು ಸಾಕು.

ಇದು ಹೊಸ ವಿಚಾರವೂ ಅಲ್ಲ. ಡಾ. ಯು.ಬಿ. ಪವನಜ ಅವರು ಬಹಳ ಹಿಂದೆಯೇ ಮಕ್ಕಳಿಗಾಗಿ ಲೋಗೋ ಭಾಷೆಯನ್ನು ಕನ್ನಡಕ್ಕೆ ತಂದಿದ್ದರು. ಆಜ್ಞೆಗಳನ್ನೂ ಕನ್ನಡದಲ್ಲೇ ಕೊಡಬಹುದಾದ ಪ್ರೋಗ್ರಾಮಿಂಗ್ ಅದು.

ಉದಾಹರಣೆಗಳೂ ಊರಿನವೇ ಆಗಬೇಕು. ಪಠ್ಯದಲ್ಲಿ ಪಿಜ್ಜಾ ಆರ್ಡರ್ ಇರುತ್ತದೆ, ಹೋಟೆಲ್ ರೂಮ್ ಬುಕಿಂಗ್ ಇರುತ್ತದೆ. ನಾನು ಇಫ್-ಎಲ್ಸ್ ಕಲಿಸಿದ್ದು ಬಸ್ ಕಂಡಕ್ಟರ್ ಕತೆಯಿಂದ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಿದೆಯಲ್ಲ, ಅದನ್ನೇ ತೊಗೊಂಡೆ. ಪ್ರಯಾಣಿಕರು ಮಹಿಳೆಯೇ? ರಾಜ್ಯದ ಗುರುತಿನ ಚೀಟಿ ಇದೆಯೇ? ಬಸ್ಸು ಸಾಮಾನ್ಯ ಸಾರಿಗೆಯೇ? ಮೂರಕ್ಕೂ ಹೌದು ಅಂದರೆ ಟಿಕೆಟ್ ಸೊನ್ನೆ. ಇಲ್ಲದಿದ್ದರೆ ದೂರದ ಪ್ರಕಾರ ದುಡ್ಡು.

ಪಾಠ ಮುಗಿಸುವಷ್ಟರಲ್ಲಿ ಅಣ್ಣಿಗೇರಿ ಕಡೆಯ ಹುಡುಗ ತಡೆದ. "ಅಕ್ಕಾರ, ಪಾಸ್ ಇದ್ದ ಹುಡುಗ್ರು ಎಲ್ಲೆ ಹೋದ್ರು? ನಾ ಕಾಲೇಜಿಗೆ ಮೂರು ವರ್ಷ ಪಾಸ್‌ನ್ಯಾಗ ಹೋಗೀನ್ರಿ. ನಿಮ್ಮ ಪ್ರೋಗ್ರಾಂ ನನ್ನ ಹತ್ರ ರೊಕ್ಕ ಕೇಳ್ತೈತಿ."

ಕಂಪನಿಯಲ್ಲಿ ಇದಕ್ಕೆ ಎಡ್ಜ್ ಕೇಸ್ ಅಂತೀವಿ, ಹುಡುಕಿಕೊಡುವ ಟೆಸ್ಟರ್‌ಗೆ ಸಂಬಳ ಕೊಡುತ್ತೇವೆ. ಅವನು ಅದನ್ನು ಬಸ್ಸಿನಲ್ಲಿ ನಿಂತೇ ಕಲಿತಿದ್ದ.

ಹಾಗಂತ ಇಂಗ್ಲಿಷ್ ಬೇಡವೇ ಬೇಡ ಅಂತ ಸುಳ್ಳು ಹೇಳಲಾರೆ. ಎರರ್ ಮೆಸೇಜ್ ಇಂಗ್ಲಿಷಿನಲ್ಲಿ ಬರುತ್ತದೆ. ಕೆಲಸದ ಇಮೇಲ್, ಇಂಟರ್‌ವ್ಯೂ ಎಲ್ಲ ಇಂಗ್ಲಿಷೇ. ಆದರೆ ಎರಡನ್ನೂ ಒಂದೇ ದಿನ ತಲೆ ಮೇಲೆ ಹೇರಬಾರದು. ಮೊದಲು ಕನ್ನಡದಲ್ಲಿ ತರ್ಕ, ಆಮೇಲೆ ಎರರ್ ಓದುವಷ್ಟು ಇಂಗ್ಲಿಷ್, ಕೊನೆಗೆ ಮಾತಾಡುವ ಇಂಗ್ಲಿಷ್. ಈ ಅನುಕ್ರಮ ತಪ್ಪಿದಾಗಲೇ ಮಕ್ಕಳು ಕೈಬಿಡುವುದು.

ಆರು ತಿಂಗಳು ಯಾರು ಕೊಡ್ತಾರೆ?

ಮೂರನೆಯದು ಹೊತ್ತು. ನನ್ನ ಪ್ರಕಾರ ಎಲ್ಲಕ್ಕಿಂತ ದುಬಾರಿ ಇದೇ.

ದಿನಕ್ಕೆ ನಾಲ್ಕೈದು ತಾಸಿನಂತೆ ಆರು ತಿಂಗಳಾದರೂ ಕೂತರೆ ಒಂದು ಸಣ್ಣ ಕೆಲಸಕ್ಕೆ ಬೇಕಾದಷ್ಟು ಕೋಡಿಂಗ್ ಬರುತ್ತದೆ. ಆದರೆ ಜೂನ್‌ನಲ್ಲಿ ಬಿತ್ತಿಗೆ, ಆಗಸ್ಟ್‌ನಲ್ಲಿ ಹೆಸರು, ಆಮೇಲೆ ಉಳ್ಳಾಗಡ್ಡಿ, ಮೆಣಸಿನಕಾಯಿ, ಹತ್ತಿ, ಹಿಂಗಾರಿಯ ಕಡ್ಲಿ. ಆಳು ಸಿಗದ ಕಾಲದಲ್ಲಿ ಮನೆಯ ಒಂದು ಜೋಡಿ ಕೈಯನ್ನು ಆರು ತಿಂಗಳು ಬಿಟ್ಟುಕೊಡುವುದೆಂದರೆ ಅದು ಲೆಕ್ಕಕ್ಕೆ ಬರುವ ಖರ್ಚು. ಕೋರ್ಸಿಗೆ ಫೀ ಇಲ್ಲದಿದ್ದರೂ ಮನೆಗೆ ಫೀ ಇದ್ದೇ ಇದೆ.

ಡಿಗ್ರಿ ಮುಗಿಸಿದ ಗಂಡುಮಕ್ಕಳಿಗೆ ಇನ್ನೊಂದು ಸೆಳೆತ, ಧಾರವಾಡದ ಸಪ್ತಾಪುರ. ಪಿಎಸ್‌ಐ, ಪಿಡಿಒ, ಎಫ್‌ಡಿಎ ಅಂತ ಕೋಚಿಂಗ್ ಸೇರಿ, ರೀಡಿಂಗ್ ರೂಮಿನಲ್ಲಿ ಸೀಟು ಹಿಡಿದು ವರ್ಷಗಟ್ಟಲೆ ಓದುವವರು ಅಲ್ಲಿದ್ದಾರೆ. ಸರ್ಕಾರಿ ನೌಕರಿ ಅಂದರೆ ಊರಿಗೆ ಅರ್ಥವಾಗುತ್ತದೆ. "ಪೈಥಾನ್ ಡೆವಲಪರ್" ಅಂದರೆ ಹೆಣ್ಣು ಕೊಡುವವರಿಗೂ ಅರ್ಥವಾಗುವುದಿಲ್ಲ. ಅವರನ್ನು ತಪ್ಪೆನ್ನಲಾರೆ. ಗೊತ್ತಿರುವ ದಾರಿ ಉದ್ದವಾದರೂ ಜನ ಅದನ್ನೇ ಹಿಡಿಯುತ್ತಾರೆ.

ಹೆಣ್ಣುಮಕ್ಕಳ ಮಾತು ಬೇರೆ. ಶಕ್ತಿ ಬಂದ ಮೇಲೆ ಹುಬ್ಬಳ್ಳಿಗೆ ಹೋಗಿಬರುವ ದುಡ್ಡಿನ ಚಿಂತೆ ತಪ್ಪಿತು. ಪದವಿ ಮುಗಿಸಿ ಕೆಲಸ ಸಿಗದವರಿಗೆ ಯುವನಿಧಿಯಲ್ಲಿ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500, ಗರಿಷ್ಠ ಎರಡು ವರ್ಷ. ಆ ಎರಡು ವರ್ಷವನ್ನು ಕಲಿಕೆಗೆ ಬಳಸಿದರೆ ಅದು ಒಂದು ಸಣ್ಣ ಸ್ಕಾಲರ್‌ಶಿಪ್ ಇದ್ದಂತೆಯೇ. ಆದರೆ ಮನೆಯವರು ಕೇಳುವ ಪ್ರಶ್ನೆಗಳು ಬೇರೆ ಇರುತ್ತವೆ. ಸಂಜೆ ಕೊನೆಯ ಬಸ್ಸು ಎಷ್ಟಕ್ಕೆ? ಅಲ್ಲಿ ಹುಡುಗಿಯರು ಎಷ್ಟು ಮಂದಿ? ಬಾತ್‌ರೂಮ್ ಐತೇನು?

ಕೊನೆಯ ಪ್ರಶ್ನೆಗೆ ನಗಬೇಡಿ. ಸುಧಾ ಮೂರ್ತಿಯವರು ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದುವಾಗ ಅಲ್ಲಿ ಹೆಣ್ಣುಮಕ್ಕಳಿಗೆ ಶೌಚಾಲಯ ಇರಲಿಲ್ಲ ಎಂದು ಅವರೇ ಹೇಳಿಕೊಂಡಿದ್ದಾರೆ. ಅರ್ಧ ಶತಮಾನ ಕಳೆದರೂ ಪ್ರಶ್ನೆ ಹಳತಾಗಿಲ್ಲ.

ಕೂರಲು ಒಂದು ಜಾಗ

ನಾಲ್ಕನೆಯದು ಜಾಗ. ಮನೆಯಿಂದ ದೂರ, ಅಡುಗೆ-ದನ-ಹೊಲದ ಕರೆ ಕೇಳಿಸದ ಕಡೆ ಕೂತರೆ ಕಲಿಕೆ ಓಡುತ್ತದೆ. ವಸತಿ ಸಹಿತ ತರಬೇತಿಗಳು ಯಶಸ್ವಿಯಾಗುವುದು ಅದಕ್ಕೇ.

ನಮಗೆ ಹತ್ತಿರದ ಉದಾಹರಣೆ ಹುಬ್ಬಳ್ಳಿಯದ್ದೇ. ಅಮೆರಿಕದಲ್ಲಿ ಸೈಕಮೋರ್ ನೆಟ್‌ವರ್ಕ್ಸ್ ಕಟ್ಟಿದ ಹುಬ್ಬಳ್ಳಿ ಮೂಲದ ಗುರುರಾಜ ದೇಶಪಾಂಡೆ ಮತ್ತು ಜಯಶ್ರೀ ದೇಶಪಾಂಡೆ ದಂಪತಿಯ ದೇಶಪಾಂಡೆ ಫೌಂಡೇಶನ್ ಗ್ರಾಮೀಣ ಯುವಕ-ಯುವತಿಯರಿಗೆ ಉಳಿದುಕೊಂಡು ಕಲಿಯುವ ಕೌಶಲ ತರಬೇತಿ ನಡೆಸುತ್ತದೆ. ಅದರ ದೊಡ್ಡ ಕೇಂದ್ರವನ್ನು 2020ರ ಫೆಬ್ರುವರಿಯಲ್ಲಿ ಆಗಿನ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಉದ್ಘಾಟಿಸಿದ್ದರು. ಕಂಪ್ಯೂಟರ್ ಜೊತೆಗೆ ಮಾತು, ಇಂಗ್ಲಿಷ್, ಇಂಟರ್‌ವ್ಯೂ ಎದುರಿಸುವ ಧೈರ್ಯವನ್ನೂ ಕಲಿಸುವುದು ಇಂಥ ತರಬೇತಿಗಳ ಹೂರಣ.

ನವಗುರುಕುಲ ಎಂಬ ಸಂಸ್ಥೆ ಬಡ ಕುಟುಂಬದ ಹೆಣ್ಣುಮಕ್ಕಳನ್ನು ಶುಲ್ಕವಿಲ್ಲದೆ ಕ್ಯಾಂಪಸ್‌ನಲ್ಲಿ ಇರಿಸಿಕೊಂಡು ಪ್ರೋಗ್ರಾಮಿಂಗ್ ಕಲಿಸುತ್ತದೆ. ತಮಿಳುನಾಡಿನ ಜೋಹೋ ಕಂಪನಿಯ ಶಾಲೆ ಇನ್ನೂ ಒಂದು ಹೆಜ್ಜೆ ಮುಂದೆ. ಪಿಯುಸಿ, ಡಿಪ್ಲೊಮಾ ಮುಗಿಸಿದವರನ್ನು ಆಯ್ದುಕೊಂಡು, ಕಲಿಯುವಾಗಲೇ ತಿಂಗಳ ಸ್ಟೈಫಂಡ್ ಕೊಡುತ್ತದೆ. ಮನೆಗೆ ತಗಲುವ ಆ ಕಾಣದ ಫೀಯನ್ನು ಲೆಕ್ಕಕ್ಕೆ ತೆಗೆದುಕೊಂಡ ಪದ್ಧತಿ ಅದು. ನಮ್ಮ ಜಿಲ್ಲೆಯ ಕಂಪನಿಗಳು ಇದನ್ನೊಮ್ಮೆ ನೋಡಬೇಕು.

ಇಷ್ಟೆಲ್ಲ ಸಾಧ್ಯವಾಗದವರಿಗೆ ಇನ್ನೊಂದು ಜಾಗವಿದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ 'ಅರಿವು ಕೇಂದ್ರ'ಗಳಾಗಿವೆ. ಅನೇಕ ಕಡೆ ಕಂಪ್ಯೂಟರ್, ಇಂಟರ್ನೆಟ್ ಎರಡೂ ಇವೆ. ಊರೊಳಗೇ ಇರುವುದರಿಂದ ಹುಡುಗಿ ಅಲ್ಲಿಗೆ ಹೋಗುವುದನ್ನು ಯಾರೂ ಬೇಡ ಅನ್ನುವುದಿಲ್ಲ. ನಿಮ್ಮೂರಿನ ಅರಿವು ಕೇಂದ್ರದ ಕಂಪ್ಯೂಟರ್ ಓಡುತ್ತಿದೆಯೋ, ಅದರ ಮೇಲೆ ಇನ್ನೂ ಪ್ಲಾಸ್ಟಿಕ್ ಕವರ್ ಇದೆಯೋ? ಈ ಸಲ ಊರಿಗೆ ಹೋದಾಗ ಒಮ್ಮೆ ಇಣುಕಿ ನೋಡಿ.

'ನೌಕರಿ ಗ್ಯಾರಂಟಿ' ಅಂದರೆ ಎಚ್ಚರ

ಇಷ್ಟು ಹಸಿವು ಇರುವ ಕಡೆ ಮೋಸವೂ ಬರುತ್ತದೆ. "ಆರು ತಿಂಗಳಲ್ಲಿ ನೌಕರಿ ಗ್ಯಾರಂಟಿ, ಈಗ ಬರೀ ಸಹಿ ಹಾಕಿ" ಎಂಬ ಕರೆಗಳು ನಮ್ಮ ಗುಂಪಿನ ಇಬ್ಬರಿಗೆ ಬಂದಿದ್ದವು. ಸಹಿ ಹಾಕಿದ್ದರೆ ಅದು ಕೋರ್ಸ್ ಫೀ ಅಲ್ಲ, ಅವರ ಹೆಸರಿನಲ್ಲಿ ಒಂದು ಸಾಲ. ಮಧ್ಯದಲ್ಲಿ ಬಿಟ್ಟರೂ ಇಎಂಐ ಬಿಡುವುದಿಲ್ಲ.

ಇದು ನಮ್ಮಲ್ಲಿ ಮಾತ್ರವಲ್ಲ. ಅಮೆರಿಕದಲ್ಲಿ 2017ರಲ್ಲಿ ಲ್ಯಾಂಬ್ಡಾ ಸ್ಕೂಲ್ ಎಂಬ ಕೋಡಿಂಗ್ ಶಾಲೆ ಬಂತು. ಕೆಲಸ ಸಿಕ್ಕ ಮೇಲೆ ಸಂಬಳದಲ್ಲಿ ಪಾಲು ಕೊಡಿ ಅನ್ನುವುದು ಅದರ ಮಾತು. ಆಮೇಲೆ ಬ್ಲೂಮ್‌ಟೆಕ್ ಎಂದು ಹೆಸರು ಬದಲಿಸಿಕೊಂಡಿತು. ಶೇ 71ರಿಂದ 86 ಮಂದಿಗೆ ಕೆಲಸ ಸಿಗುತ್ತದೆಂದು ಜಾಹೀರಾತು ಮಾಡುತ್ತಿದ್ದ ಅದರ ಒಳಗಿನ ಲೆಕ್ಕ ಶೇ 50ರ ಆಸುಪಾಸಿತ್ತು, ಪಾಲು ಎಂದು ಕರೆದದ್ದು ನಿಜವಾಗಿ ಸಾಲವೇ ಆಗಿತ್ತು ಎಂದು ಅಲ್ಲಿನ ಗ್ರಾಹಕ ರಕ್ಷಣಾ ಸಂಸ್ಥೆ 2024ರ ಏಪ್ರಿಲ್‌ನಲ್ಲಿ ಕ್ರಮ ಕೈಗೊಂಡಿತು. ಓದುಬರಹ, ವಕೀಲರು ಎಲ್ಲ ಇರುವ ದೇಶದ ಕತೆಯೇ ಹೀಗಾದರೆ ನಮ್ಮ ಹಳ್ಳಿಯ ಹುಡುಗರದ್ದು ಏನು ಹೇಳೋಣ?

ಸಹಿ ಹಾಕುವ ಮೊದಲು ನಾಲ್ಕು ಪ್ರಶ್ನೆ ಕೇಳಲು ನಾನು ಹೇಳಿಕೊಟ್ಟಿದ್ದೇನೆ:

- ಇದು ಫೀಯೋ, ಸಾಲವೋ? ಸಾಲ ಕೊಡುವವರು ಯಾರು?
- ಹೋದ ವರ್ಷ ಕಲಿತವರಲ್ಲಿ ಇಬ್ಬರ ಜೊತೆ ನಾನೇ ಮಾತಾಡಬಹುದಾ?
- ಕೆಲಸ ಅಂದರೆ ಯಾವ ಕೆಲಸ? ಪ್ರೋಗ್ರಾಮಿಂಗೋ, ಕಾಲ್ ಸೆಂಟರೋ?
- ಮೊದಲ ತಿಂಗಳಲ್ಲೇ ಬಿಟ್ಟರೆ ದುಡ್ಡು ವಾಪಸ್ ಬರುತ್ತದಾ?

ಉತ್ತರ ತಡವರಿಸಿದರೆ ಫೋನ್ ಇಟ್ಟುಬಿಡಿ.

ಇನ್ನೊಂದು ಸತ್ಯವನ್ನೂ ಅವರಿಂದ ಮುಚ್ಚಿಟ್ಟಿಲ್ಲ. ದೊಡ್ಡ ಕಂಪನಿಗಳ ಫ್ರೆಶರ್ ನೇಮಕಾತಿ ಮೊದಲಿನಂತಿಲ್ಲ. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಹೊಸಬರಿಗೆ ಕೊಡುತ್ತಿದ್ದ ಸಣ್ಣಪುಟ್ಟ ಕೋಡ್‌ಗಳನ್ನು ಎಐ ಬರೆಯುತ್ತಿದೆ. ಅದೇ ಎಐ ಎರರ್ ಮೆಸೇಜನ್ನು ಕನ್ನಡದಲ್ಲಿ ಬಿಡಿಸಿಯೂ ಹೇಳುತ್ತದೆ, ಅದು ನಮ್ಮವರಿಗೆ ದೊಡ್ಡ ಉಪಕಾರ. ತೊಂದರೆ ಏನೆಂದರೆ, ಕೇಳಿದ ತಕ್ಷಣ ಪೂರ್ತಿ ಉತ್ತರ ಬರೆದುಕೊಟ್ಟುಬಿಡುತ್ತದೆ. ಕಲಿಯುವವರು ಒದ್ದಾಡುವುದೇ ಇಲ್ಲ, ಒದ್ದಾಡದೆ ಕೈಗೆ ಏನೂ ಹತ್ತುವುದಿಲ್ಲ. ಹಾಗಾಗಿ ನಮ್ಮ ಗುಂಪಿನ ನಿಯಮ ಒಂದೇ: ಮೊದಲು ಇಪ್ಪತ್ತು ನಿಮಿಷ ನಿಮ್ಮ ವಹಿ, ಆಮೇಲೆ ಎಐ.

ಎಲ್ಲರೂ ಡೆವಲಪರ್ ಆಗುತ್ತಾರೆ ಅಂತ ನಾನು ಹೇಳುವುದಿಲ್ಲ. ಟೆಸ್ಟಿಂಗ್, ಸಪೋರ್ಟ್, ವೆಬ್‌ಸೈಟ್ ನಿರ್ವಹಣೆ, ಅಂಗಡಿ-ಸೊಸೈಟಿಗಳ ಲೆಕ್ಕದ ಸಾಫ್ಟ್‌ವೇರ್, ಇವೂ ಮರ್ಯಾದೆಯ ಕೆಲಸಗಳೇ.

ಕೇಳಲು ಒಬ್ಬರು ಬೇಕು

ಯಂತ್ರ, ಭಾಷೆ, ಹೊತ್ತು, ಜಾಗ. ನಾಲ್ಕನ್ನೂ ಒಬ್ಬರೇ ಒದಗಿಸಲು ಆಗುವುದಿಲ್ಲ. ಆದರೆ ಐದನೆಯದೊಂದಿದೆ, ಅದು ನಿಮ್ಮ ಕೈಯಲ್ಲಿದೆ. ತಪ್ಪಾದಾಗ ನಾಚಿಕೆಯಿಲ್ಲದೆ ಕೇಳಲು ಒಬ್ಬ ಮನುಷ್ಯ.

ಆ ಕ್ಯಾಪಿಟಲ್ 'ಪಿ' ನೆನಪಿದೆಯಲ್ಲ? ಒಂದು ಬಟನ್ ಗೊತ್ತಿಲ್ಲದ್ದಕ್ಕೆ ಮೂವರು ಬಿಟ್ಟು ಹೋಗುವವರಿದ್ದರು. ಎಂಜಿನಿಯರಿಂಗ್ ಕಾಲೇಜಿನಲ್ಲಿ ನಮಗೆ ಪಕ್ಕದ ಬೆಂಚಿನವರು ಇದ್ದರು, ಹಾಸ್ಟೆಲ್ ಸೀನಿಯರ್ ಇದ್ದರು. ಇವರಿಗೆ ಪಕ್ಕದ ಬೆಂಚೇ ಇಲ್ಲ.

ಇದನ್ನು ಫೋನಿನಲ್ಲಿ ಓದುತ್ತಿರುವ ನಿಮ್ಮಲ್ಲಿ ಅನೇಕರು ಇದೇ ಕೆಲಸದಲ್ಲಿದ್ದೀರಿ. ವಾರಕ್ಕೆ ಒಂದು ತಾಸು, ಇಬ್ಬರು ಮಕ್ಕಳು, ಆರು ತಿಂಗಳು. ಅಷ್ಟೇ ಒಪ್ಪಿಕೊಳ್ಳಿ, ಆದರೆ ನಡುವೆ ಬಿಡಬೇಡಿ. ಉತ್ಸಾಹದಲ್ಲಿ ಶುರು ಮಾಡಿ ಮೂರನೇ ವಾರಕ್ಕೆ ಮಾಯವಾಗುವವರಿಂದ ಅವರಿಗೆ ಆಗುವ ನಿರಾಸೆ ದೊಡ್ಡದು. ಕಪಾಟಿನಲ್ಲಿ ಕೂತಿರುವ ಹಳೆಯ ಲ್ಯಾಪ್‌ಟಾಪ್ ಇದ್ದರೆ ಡೇಟಾ ಅಳಿಸಿ, ಲಿನಕ್ಸ್ ಹಾಕಿ, ಚಾರ್ಜರ್ ಸಮೇತ ಕಳಿಸಿ. ನಿಮ್ಮ ಕಂಪನಿಯಲ್ಲಿ ಫ್ರೆಶರ್ ನೇಮಕಾತಿ ನಡೆದಾಗ 'ಬಿ.ಇ. ಮಾತ್ರ' ಎಂಬ ಸಾಲು ನಿಜಕ್ಕೂ ಬೇಕೇ ಅಂತ ಎಚ್‌ಆರ್‌ನವರನ್ನು ಒಮ್ಮೆ ಕೇಳಿ. ಊರಿನ ತಂದೆ-ತಾಯಿಗೆ ನೀವೇ ಒಂದು ಫೋನ್ ಮಾಡಿ. ನನ್ನ ಅನುಭವದಲ್ಲಿ ಇದೇ ಎಲ್ಲಕ್ಕಿಂತ ಕೆಲಸಕ್ಕೆ ಬಂದದ್ದು.

ಆ ಫೋನನ್ನು ನಾನು ನವಲಗುಂದದ ಹುಡುಗಿಯ ಮನೆಗೂ ಮಾಡಿದೆ. ಹುಬ್ಬಳ್ಳಿಯ ಒಂದು ವಸತಿ ತರಬೇತಿಗೆ ಅವಳು ಆಯ್ಕೆಯಾಗಿದ್ದಳು. ಅಷ್ಟರಲ್ಲಿ ಮನೆಯಲ್ಲಿ ವರ ನೋಡುವ ಮಾತು ನಡೆದಿತ್ತು. ತಂದೆ ಹೆಚ್ಚು ಮಾತಾಡುವವರಲ್ಲ. ಹೆಸರು ಮಾರಿದ ಪಟ್ಟಿಯನ್ನು ಮಗಳು ತನ್ನ ಪ್ರೋಗ್ರಾಮಿಗೆ ಹಾಕಿ ತೋರಿಸಿದ್ದಳಂತೆ. ಚೀಲ ಎಷ್ಟು, ತೂಕ ಎಷ್ಟು, ಹಮಾಲಿ ಕಳೆದು ಕೈಗೆ ಎಷ್ಟು. "ಲೆಕ್ಕ ಪೈಸಾಕ್ಕ ಪೈಸಾ ತಾಳಿ ಆತ್ರಿ" ಅಂದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲೆ ಹುಡುಗ್ಯಾರು ಇರಾಕ ವ್ಯವಸ್ಥಾ ಛಲೋ ಐತೇನ್ರಿ?" ಅಂತ ಕೇಳಿದರು. ಇದೆ ಅಂದೆ. ಬೇಕಾದರೆ ನೀವೇ ಹೋಗಿ ನೋಡಿಬನ್ನಿ ಅಂದೆ.

ಫೋನು ತಾಯಿಯ ಕೈಗೆ ಹೋಯಿತು. "ಕಡ್ಲಿ ಬಿತ್ತೂದು ಮುಗೀಲಿ ಅಕ್ಕಾರ. ಆಮ್ಯಾಲ ನಾನೂ ಆಕಿ ಕೂಡ ಬಸ್‌ನ್ಯಾಗ ಹೋಗಿ ನೋಡಿ ಬರ್ತೀನಿ. ಹೆಂಗೂ ಟಿಕೆಟ್ ಇಲ್ಲಲ್ಲ."

ಹೌದು ಅಂತಲೂ ಅಲ್ಲ, ಇಲ್ಲ ಅಂತಲೂ ಅಲ್ಲ. ಈ ಭಾನುವಾರ ಸಂಜೆ ಮತ್ತೆ ವಹಿಯ ಫೋಟೊ ಬಂದಿದೆ. ಈ ಸಲ ಇಪ್ಪತ್ತೆರಡು ಸಾಲು, ತಪ್ಪು ಎರಡು. ತಿದ್ದಲು ಕೂತಿದ್ದೇನೆ.